ಹಾಡು ನಿಂತರೆ ಬಾಗಿಲು ತಟ್ಟಿ

ಬೆಳಗಿನ ಆರು ಗಂಟೆ. ನಾಲ್ಕು ಬಾಡಿಗೆ ಮನೆಗಳ ಸಾಲಿನಲ್ಲಿ ಕೊನೆಯ ಮನೆಯ ಬಚ್ಚಲೊಳಗೆ ಒಬ್ಬಾತ ಹಾಡುತ್ತಿದ್ದಾನೆ. ಅದನ್ನು ಹಾಡು ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಶ್ರುತಿ ಒಂದು ದಿಕ್ಕಿಗೆ, ತಾಳ ಇನ್ನೊಂದು ದಿಕ್ಕಿಗೆ, ನಡುವೆ ಚೊಂಬಿನ ಸದ್ದು. ಬಾಗಿಲ ಹೊರಗೆ, ಬಣ್ಣ ಹೋದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತ ಕೂತಿದ್ದಾರೆ. ಒಳಗಿನಾತ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಇವರ ಕಣ್ಣು ಥಟ್ಟನೆ ತೆರೆಯುತ್ತದೆ. ಮುಂದಿನ ಸಾಲು ಶುರುವಾದ ಮೇಲೆಯೇ ಮತ್ತೆ ಮುಚ್ಚುವುದು.

“ಇವರ ಬಾಯಿ ಮುಚ್ಚಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು” ಎಂದು ಆ ಮನೆಯಾಕೆ ಟೀ ಲೋಟ ಚಾಚುತ್ತ ಗೊಣಗುತ್ತಾಳೆ. “ನೀವು ಬಂದು ಹಾಡಿ ಅಂತ ಹೇಳ್ಕೊಟ್ರಿ. ಈಗ ಹಿಡಿಯೋರೇ ಇಲ್ಲ.”

“ಹಾಡೋ ಗಂಡ ಇದ್ದಾನಲ್ಲ, ಕೇಳಿಸ್ಕೊಳಮ್ಮ” ಎನ್ನುತ್ತಾರೆ ಇವರು. ನಗುತ್ತಲೇ ಹೇಳಿದರೂ ಮಾತಿನ ಕೊನೆಗೆ ನಗು ಉಳಿದಿರುವುದಿಲ್ಲ.

ಇವರ ಕೆಲಸ ಗ್ಯಾಸ್ ಗೀಸರ್ ರಿಪೇರಿ. ಮನೆ ಮನೆಗೆ ಹೋಗಿ ಗೀಸರ್ ಬಿಚ್ಚಿ, ಬರ್ನರಿನ ಮಸಿ ತೆಗೆದು, ಹೊಗೆ ಕೊಳವೆ ಸರಿಯಿದೆಯೋ ನೋಡಿ, ಮತ್ತೆ ಜೋಡಿಸಿ ಬರುವುದು. ಬೀದಿಯವರಿಗೆ ಇವರ ಹೆಸರು ಗೊತ್ತಿಲ್ಲ, ಗೊತ್ತಿದ್ದವರೂ ಮರೆತಿದ್ದಾರೆ. ಯಾರ ಮನೆಯ ಹೊಸ್ತಿಲು ದಾಟಿದರೂ ‘ಚೆನ್ನಾಗಿದ್ದೀರಾ’ ಎನ್ನುವ ಮೊದಲು ‘ಕಿಟಕಿ ತೆಗೀರಿ’ ಎನ್ನುವುದರಿಂದ ಎಲ್ಲರ ಬಾಯಲ್ಲೂ ಇವರು ಕಿಟಕಿಯಮ್ಮ. ಚಳಿ ಶುರುವಾಯಿತೆಂದರೆ ದಿನಕ್ಕೆ ಆರೋ ಏಳೋ ಮನೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಸಂಜೆ ಐದಕ್ಕೆ ವಾಪಸ್. ಹೆಗಲ ಚೀಲದಲ್ಲಿ ಎರಡು ಸ್ಪ್ಯಾನರ್, ಒಂದು ಹಳೇ ಹಲ್ಲುಜ್ಜುವ ಬ್ರಷ್, ಸೀಮೆಸುಣ್ಣ, ಹತ್ತಿಯ ಬತ್ತಿಗಳ ಒಂದು ಡಬ್ಬಿ. ಚೀಲದ ಹಿಡಿಕೆಗೆ ಅಂಗೈಯಗಲದ ಬಿಳಿ ಯಂತ್ರವೊಂದು ನೇತಾಡುತ್ತದೆ. ಕೆಟ್ಟ ಗಾಳಿ ಕಂಡರೆ ಕೂಗುವ ಯಂತ್ರ ಅದು. ಹನ್ನೊಂದು ವರ್ಷದಲ್ಲಿ ಇವರು ‘ಇವತ್ತಿನಿಂದ ಇದನ್ನು ಹಚ್ಚಲೇ ಕೂಡದು’ ಎಂದು ಬಂದ್ ಮಾಡಿಸಿದ ಗೀಸರುಗಳು ನಲವತ್ತಮೂರು. ಎಷ್ಟು ಜೀವ ಉಳಿಯಿತು ಎಂದು ಕೇಳಿದರೆ ಮುಖ ಸಿಂಡರಿಸುತ್ತಾರೆ. “ಆಗದೇ ಇದ್ದಿದ್ದನ್ನ ಹೇಗೆ ಎಣಿಸ್ತೀರಾ?”

ಬತ್ತಿಯ ಕೆಲಸ ನೋಡಲು ಚೆಂದ. ಗೀಸರ್ ಹಚ್ಚಿ ಎರಡು ನಿಮಿಷ ಬಿಟ್ಟು, ಬತ್ತಿಗೆ ಬೆಂಕಿ ಮುಟ್ಟಿಸಿ ಊದಿ ಆರಿಸುತ್ತಾರೆ. ತೆಳ್ಳಗೆ ಹೊಗೆ ಏಳುತ್ತದೆ. ಅದನ್ನು ಗೀಸರಿನ ನೆತ್ತಿಯ ಹತ್ತಿರ ಹಿಡಿಯುತ್ತಾರೆ. ಹೊಗೆ ಸರ್ರನೆ ಮೇಲೆದ್ದು ಕೊಳವೆಯೊಳಗೆ ಹೋದರೆ ಮನೆ ಉಸಿರಾಡುತ್ತಿದೆ ಎಂದು ಲೆಕ್ಕ. ಹೊಗೆ ಅನುಮಾನಿಸಿ, ಸುತ್ತಿ, ಬಚ್ಚಲೊಳಕ್ಕೇ ತಿರುಗಿದರೆ ಮನೆ ಉಸಿರು ಕಟ್ಟಿದೆ ಎಂದು ಲೆಕ್ಕ. ಇಷ್ಟಾದ ಮೇಲೆ ಇವರದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ: ಸ್ನಾನಕ್ಕೆ ಇಳಿದವರು ಹಾಡಬೇಕು, ಇಲ್ಲವೇ ಮಾತಾಡಬೇಕು, ಏನೂ ಬರದಿದ್ದರೆ ಮಗ್ಗಿ ಹೇಳಬೇಕು. ಹೊರಗಿನವರೊಬ್ಬರು ಕೇಳಿಸಿಕೊಳ್ಳುತ್ತಿರಬೇಕು. ಸದ್ದು ನಿಂತರೆ ಬಾಗಿಲು ತಟ್ಟಬೇಕು. ಉತ್ತರ ಬರದಿದ್ದರೆ ಬಾಗಿಲು ಮುರಿಯಬೇಕು. ಈ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದು ಹೋಗುವ ಹೊಸಬರು, ಇದೇನು ಸಂಗೀತ ಪಾಠಶಾಲೆಯೋ ಎಂದು ನಿಂತು ನೋಡುವುದುಂಟು.

ಕೊನೆಯ ಮನೆಯ ಹಾಡು ಮುಗಿದು ಟವೆಲ್ ಸುತ್ತಿಕೊಂಡ ಗಾಯಕ ಹೊರಬಂದ ಮೇಲೆ ಕಿಟಕಿಯಮ್ಮ ಚೀಲ ಎತ್ತಿಕೊಳ್ಳುತ್ತಾರೆ. ಹೊರಗೆ ಕಾಲಿಟ್ಟಾಗ ಪಕ್ಕದ ಮನೆಯ ಮೆಟ್ಟಿಲ ಮೇಲೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಒದ್ದೆ ಕೂದಲು ಬಿಟ್ಟುಕೊಂಡು, ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದಾಳೆ. ಹೊಟ್ಟೆ ಸಣ್ಣಗೆ ಮುಂದೆ ಬಂದಿದೆ. ಮೂರನೇ ಮನೆಗೆ ಮೂರು ವಾರದ ಹಿಂದೆ ಗಂಡನ ಜೊತೆ ಬಾಡಿಗೆಗೆ ಬಂದವಳು. ಗಂಡ ಮನೆ ಮನೆಗೆ ಪೇಪರ್ ಹಾಕುವವನು, ನಾಲ್ಕೂವರೆಗೇ ಸೈಕಲ್ ಹತ್ತಿ ಹೋಗಿದ್ದಾನೆ.

“ಏನವ್ವ, ಚಳಿಯಲ್ಲಿ ಒದ್ದೆ ತಲೆ?”

“ವಾಂತಿ ಆಂಟಿ. ತಲೆ ಬೇರೆ ತಿರುಗುತ್ತೆ. ನಾಲ್ಕು ತಿಂಗಳಲ್ವಾ, ಹೀಗೇ ಇರುತ್ತೆ ಅಂದ್ರು ಎಲ್ಲರೂ.”

“ಯಾವಾಗ ಜಾಸ್ತಿ?”

“ಬೆಳಿಗ್ಗೆ. ಸ್ನಾನ ಆದ್ಮೇಲೆ. ಹೀಗೆ ಹೊರಗೆ ಕೂತ್ರೆ ಸ್ವಲ್ಪ ವಾಸಿ.”

“ನಿನ್ನ ಗಂಡನಿಗೆ?”

“ಅವರಿಗೂ ಎದ್ದು ಸ್ನಾನ ಮಾಡಿದ್ರೆ ತಲೆ ಸಿಡಿಯುತ್ತೆ. ನಾಲ್ಕು ಬೀದಿ ಸೈಕಲ್ ತುಳಿದ್ರೆ ಬಿಟ್ಟುಹೋಗುತ್ತಂತೆ.”

“ಹಾಗಾದ್ರೆ ಅವನೂ ಬಸುರಿನಾ?”

ಹುಡುಗಿ ಕಿಸಕ್ಕನೆ ನಗುತ್ತಾಳೆ. ಕಿಟಕಿಯಮ್ಮ ನಗುವುದಿಲ್ಲ. ಅವಳ ಹಣೆ ಮುಟ್ಟಿ ನೋಡುತ್ತಾರೆ. ತಣ್ಣಗಿದೆ, ಜ್ವರವಿಲ್ಲ. ‘ನೀನು ಇಲ್ಲೇ ಕೂತಿರು, ಏಳಬೇಡ’ ಎಂದು ಚೀಲ ಹಿಡಿದು ಹೊಸ್ತಿಲು ದಾಟುತ್ತಾರೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚೀಲದ ಹಿಡಿಕೆಯ ಯಂತ್ರ ಕಿರ್ರೆಂದು ಕಿರುಚಿಕೊಳ್ಳುತ್ತದೆ.

ಅವರು ಒಳಗೆ ನಿಂತು ಯೋಚಿಸುವುದಿಲ್ಲ. ಬಂದ ಕಾಲಲ್ಲೇ ಹಿಂದಕ್ಕೆ. ಸಿಲಿಂಡರ್ ಹೊರಗಿನ ಗೂಡಿನಲ್ಲಿದೆ, ಅದರ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುತ್ತಾರೆ. ಮುಂಬಾಗಿಲನ್ನು ಅಗಲಕ್ಕೆ ತೆರೆದು ಇಟ್ಟಿಗೆ ಒತ್ತು ಕೊಡುತ್ತಾರೆ, ಕಿಟಕಿಗಳನ್ನು ಹೊರಗಿನಿಂದಲೇ ಕೋಲಿನಲ್ಲಿ ದೂಡುತ್ತಾರೆ. ಆಮೇಲೆ ಹುಡುಗಿಯನ್ನು ತೋಳು ಹಿಡಿದು ಎಬ್ಬಿಸಿ ಎದುರಿನ ಕಟ್ಟೆಗೆ ಕರೆದೊಯ್ದು ತಮ್ಮ ಶಾಲು ಹೊದಿಸಿ ಕೂರಿಸುತ್ತಾರೆ. ಗಂಡನಿಗೆ ಫೋನ್ ಹೋಗುತ್ತದೆ. ಆಟೋ ತರಲು ಕೊನೆಯ ಮನೆಯ ಗಾಯಕ ಟವೆಲಿನಲ್ಲೇ ಓಡಲು ಹೊರಟಾಗ ಹೆಂಡತಿ ತಡೆದು ಪ್ಯಾಂಟ್ ಹಾಕಿಸುತ್ತಾಳೆ.

“ಆಸ್ಪತ್ರೆಗೆ ಹೋದ ತಕ್ಷಣ ಏನು ಹೇಳ್ಬೇಕು?” ಎಂದು ಕಿಟಕಿಯಮ್ಮ ಪಾಠ ಒಪ್ಪಿಸಿಕೊಳ್ಳುತ್ತಾರೆ.

“ವಾಂತಿ, ತಲೆಸುತ್ತು…”

“ಉಹೂಂ. ಮೊದಲು ಗ್ಯಾಸ್ ಗೀಸರ್ ಅನ್ನು. ಮನೇಲಿ ಕೆಟ್ಟ ಗಾಳಿ ಕಟ್ಟಿತ್ತು, ಯಂತ್ರ ಕೂಗ್ತು ಅನ್ನು. ನಾಲ್ಕು ತಿಂಗಳ ಬಸುರಿ ಅನ್ನು. ಬೆರಳಿಗೆ ಸಿಕ್ಕಿಸೋ ಮಿಷನ್ನು ಎಲ್ಲಾ ಸರಿಯಾಗಿದೆ ಅಂತ್ಲೇ ತೋರಿಸುತ್ತೆ, ಅದಕ್ಕೆ ಈ ಗಾಳಿಯ ಪತ್ತೆ ಹತ್ತಲ್ಲ. ರಕ್ತ ತೆಗೆದು ನೋಡಿ ಅಂತ ಕೇಳು. ನಾಚ್ಕೋಬೇಡ. ಗಂಡನದೂ ನೋಡಿಸು.”

“ಮಗೂಗೆ ಏನಾದ್ರೂ…” ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

“ಅದಕ್ಕೇ ಬೇಗ ಹೋಗು ಅಂತಿರೋದು. ನಡಿ.”

ಪೇಪರ್ ಚೀಲ ಹೆಗಲಲ್ಲಿ ಹಾಗೇ ಇಟ್ಟುಕೊಂಡು ಏದುಸಿರು ಬಿಡುತ್ತ ಬಂದ ಗಂಡ ಆಟೋದಲ್ಲಿ ಹತ್ತಿ ಕೂರುತ್ತಾನೆ. ಅರ್ಧ ಬೀದಿಗೆ ಅವತ್ತು ಪೇಪರ್ ಬರುವುದಿಲ್ಲ. ಯಾರೂ ಕೇಳುವುದೂ ಇಲ್ಲ.

ಮನೆಗೆ ಗಾಳಿಯಾಡಲು ಒಂದು ಗಂಟೆಯಾದರೂ ಬೇಕು. ಕಿಟಕಿಯಮ್ಮ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಾರೆ. ನೋಟ ಮೂರನೇ ಮನೆಯ ತೆರೆದ ಬಾಗಿಲಿನ ಮೇಲೆಯೇ ಇದೆ. ಬೇರೆ ಹೊತ್ತಿನಲ್ಲಿ ಅಳೆದು ತೂಗಿ ಮಾತಾಡುವವರು ಹೀಗೆ ಕಾಯುವಾಗ ತಾವಾಗಿಯೇ ಮಾತಾಡುತ್ತಾರೆ.

ಇವರ ಗಂಡ ಈ ಊರಿನಲ್ಲೇ ಹೆಸರಾದ ಗ್ಯಾಸ್ ಮೇಸ್ತ್ರಿ. ಹೆಸರಾದದ್ದು ಮೂಗಿನಿಂದ. ಗೇಟಿನಲ್ಲೇ ನಿಂತು ಮೂಗರಳಿಸಿ, ‘ಎಡಗಡೆ ಒಲೆ, ರಬ್ಬರ್ ಪೈಪಿನ ಬುಡ’ ಎಂದರೆ ಲೀಕ್ ಅಲ್ಲೇ ಇರುತ್ತಿತ್ತು. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುವ ಉಳಿದ ಮೇಸ್ತ್ರಿಗಳನ್ನು ಕಂಡರೆ ಆತನಿಗೆ ಉಡಾಫೆ. ನನ್ನ ಮೂಗಿರುವಾಗ ಸೋಪು ಸ್ನಾನಕ್ಕಿರಲಿ ಎನ್ನುತ್ತಿದ್ದನಂತೆ. ಜನ ಮೂಗಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆ ಮೂಗೇ ಅವನಿಗೆ ಮೋಸ ಮಾಡಿತು.

“ಸಿಲಿಂಡರಲ್ಲಿರೋ ಗ್ಯಾಸಿಗೆ ಬೇಕೂಂತ್ಲೇ ವಾಸನೆ ಸೇರಿಸಿರ್ತಾರೆ. ಸೋರಿದ್ರೆ ಗೊತ್ತಾಗ್ಲಿ ಅಂತ” ಎಂದು ಕಿಟಕಿಯಮ್ಮ ವಿವರಿಸುತ್ತಾರೆ. “ಆದ್ರೆ ಅದು ಗಾಳಿ ಸಾಲದೆ ಅರೆಬರೆ ಉರಿದಾಗ ಇನ್ನೊಂದು ಹುಟ್ಟುತ್ತೆ. ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಗಂಟಲಿಗೆ ಘಾಟೂ ಇಲ್ಲ. ನಮ್ಮ ರಕ್ತದಲ್ಲಿ ಒಳ್ಳೇ ಗಾಳಿ ಕೂರೋ ಸೀಟಲ್ಲಿ ಬಂದು ಕೂತ್ಬಿಡುತ್ತೆ. ಏಳು ಅಂದ್ರೆ ಏಳಲ್ಲ. ಒಳ್ಳೇದು ಪಾಪ, ನಿಂತ್ಕೊಂಡೇ ಇರುತ್ತೆ.”

ಹನ್ನೆರಡು ವರ್ಷದ ಹಿಂದಿನ ಚಳಿಗಾಲ. ಯಾರೋ ಬೇಡವೆಂದು ಬಿಸಾಡಿದ ಗೀಸರನ್ನು ಮೇಸ್ತ್ರಿ ಮನೆಗೆ ತಂದು, ತಿಕ್ಕಿ ಹೊಳೆಯಿಸಿ, ತನ್ನದೇ ಬಚ್ಚಲಲ್ಲಿ ಸಿಕ್ಕಿಸಿದ. ಹೆಂಡತಿಗೆ ಒಲೆಯ ಮೇಲೆ ನೀರು ಕಾಯಿಸುವ ಕಷ್ಟ ತಪ್ಪಲಿ ಎಂಬುದು ಆಸೆ. ಹೊಗೆ ಕೊಳವೆಗೆ ಗೋಡೆ ಕೊರೆಯಬೇಕಿತ್ತು, ಭಾನುವಾರ ಕೊರೆದರಾಯಿತು ಎಂದ. ಬೇರೆಯವರ ಮನೆಯಲ್ಲಾಗಿದ್ದರೆ ಕೊಳವೆಯಿಲ್ಲದೆ ಕಡ್ಡಿ ಗೀರಲೂ ಬಿಡುತ್ತಿರಲಿಲ್ಲ. ಚಳಿಗಾಳಿ ಬರುತ್ತದೆಂದು ವೆಂಟಿಲೇಟರಿಗೆ ರಟ್ಟು ಕೂಡ ಅವನೇ ಸಿಕ್ಕಿಸಿದ. ಎರಡನೇ ದಿನದಿಂದ ತಲೆನೋವು. ಕನ್ನಡಕ ಬದಲಾಯಿಸಬೇಕು ಎಂದ. ಮೂರನೇ ದಿನ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದುಕೊಂಡ. ಹೆಂಡತಿ ಅನುಮಾನಿಸಿದಾಗ ಗೀಸರಿನ ಮುಂದೆ ಮೂಗರಳಿಸಿ ನಿಂತು, ‘ಏನೂ ವಾಸನೆ ಇಲ್ವಲ್ಲೇ’ ಎಂದು ನಕ್ಕ.

“ಅವರಿಗೆ ಬಚ್ಚಲಲ್ಲಿ ಹಾಡೋ ಹುಚ್ಚು. ಅದೂ ಎರಡೇ ಸಾಲು. ಮುಂದಕ್ಕೆ ಬರೀ ತನನ ತನನ. ದಿನಾ ಬೆಳಿಗ್ಗೆ, ಬೀದಿಗೆಲ್ಲಾ ಕೇಳೋ ಹಾಗೆ. ನಾಲ್ಕನೇ ದಿನ ರಾತ್ರಿ ನಾನು ಬೈದೆ. ಅಕ್ಕಪಕ್ಕದೋರು ನಗ್ತಾರೆ, ನಾಳೆಯಿಂದ ಬಾಯಿ ಮುಚ್ಕೊಂಡು ಸ್ನಾನ ಮಾಡಿ ಅಂದೆ.”

ಶಾಲಿಲ್ಲದ ತೋಳುಗಳನ್ನು ಉಜ್ಜಿಕೊಳ್ಳುತ್ತಾರೆ.

“ಐದನೇ ದಿನ ಎರಡು ಸಾಲು ಹಾಡಿದ್ರು, ನಿಲ್ಲಿಸಿದ್ರು. ನಾನು ಹೊರಗೆ ಬಟ್ಟೆ ಮಡಚ್ತಾ ಇದ್ದೆ. ಅಬ್ಬಾ, ನನ್ನ ಮಾತು ಒಂದು ದಿನ ಆದ್ರೂ ಕೇಳಿದ್ರಲ್ಲ ಅಂದ್ಕೊಂಡೆ. ಖುಷಿ ಆಯ್ತು ನನಗೆ. ಅಷ್ಟೂ ಬಟ್ಟೆ ಮಡಚಿ ಮುಗಿಸೋ ತನಕ ಖುಷಿಯಾಗೇ ಇದ್ದೆ.”

ಇದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ. ಗೀಸರ್ ರಿಪೇರಿಗೆ ಹೋದ ಪ್ರತಿ ಮನೆಯಲ್ಲೂ ಹೇಳುತ್ತಾರೆ, ಹಾಡಲು ನಾಚುವವರಿಗಂತೂ ತಪ್ಪದೆ ಹೇಳುತ್ತಾರೆ. ಕೇಳಿದವರು ಆಮೇಲೆ ನಾಚುವುದಿಲ್ಲ.

ಗಂಡನ ಜೊತೆಯವನೊಬ್ಬ ಒಂದು ವರ್ಷ ಕೆಲಸ ಕಲಿಸಿದ. ಹೆಂಗಸು ಗೀಸರ್ ಬಿಚ್ಚುವುದೇ ಎಂದು ಮೊದಮೊದಲು ಬಾಗಿಲಲ್ಲೇ ನಿಲ್ಲಿಸಿದವರುಂಟು. ‘ಮನೇಲಿ ಗಂಡಸರು ಯಾರೂ ಇಲ್ವಾ’ ಎಂದು ಕೇಳಿದ ಒಬ್ಬರಿಗೆ, ‘ಇದ್ರು, ಗೀಸರ್ ನೋಡೋಕೆ ಹೋಗಿ ಬರ್ಲಿಲ್ಲ’ ಎಂದು ಹೇಳಿದ್ದರಂತೆ. ಆ ಮನುಷ್ಯ ಪಕ್ಕಕ್ಕೆ ಸರಿದ. ಮೂಗಿನ ಕೆಲಸವನ್ನು ಇವರು ಕಣ್ಣು, ಕಿವಿಗಳಿಗೆ ವಹಿಸಿದ್ದಾರೆ. ಬರ್ನರಿನ ಉರಿ ನೀಲಿಯಾಗಿರಬೇಕು. ಹಳದಿಯಾಗಿ ತೂರಾಡಿದರೆ ಕೇಡು. ಗೀಸರಿನ ಮೈಯಲ್ಲಿ, ಸುತ್ತಲ ಗೋಡೆಯಲ್ಲಿ ಕಪ್ಪು ಮಸಿ ಇರಬಾರದು. ಇದು ಗೀಸರಿನದೊಂದೇ ಕತೆಯೂ ಅಲ್ಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದು, ಕರೆಂಟ್ ಹೋಯಿತೆಂದು ಜನರೇಟರನ್ನು ಮನೆಯೊಳಗೆ ಓಡಿಸುವುದು, ಬಾಗಿಲು ಹಾಕಿದ ಶೆಡ್ಡಿನಲ್ಲಿ ಕಾರಿನ ಎಂಜಿನ್ ಬಿಟ್ಟಿರುವುದು, ಎಲ್ಲದರಲ್ಲೂ ಅದೇ ಗಾಳಿ.

“ಶೀತ ಹಿಡಿದ ಹಾಗೇ ಇರುತ್ತೆ, ಮೈ ಮಾತ್ರ ಬಿಸಿ ಇರಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಕಾಲಲ್ಲಿ ಶಕ್ತಿ ಇಲ್ಲ. ಆಮೇಲೆ ಮಂಕು ಕವಿಯುತ್ತೆ, ನಿದ್ದೆ ಬಂದ ಹಾಗೆ. ಆ ಹೊತ್ತಿಗೆ ಎದ್ದು ಹೋಗ್ಬೇಕು ಅನ್ನೋ ಬುದ್ಧೀನೇ ಇರಲ್ಲ. ಒಬ್ಬರಿಗೆ ಬಂದ್ರೆ ಕಾಯಿಲೆ ಇರಬಹುದು. ಮನೇಲಿರೋ ಎಲ್ಲರಿಗೂ ಒಟ್ಟಿಗೆ ಬಂದು, ಹೊರಗೆ ಹೋದ್ರೆ ಬಿಟ್ಟುಹೋಗಿ, ವಾಪಸ್ ಬಂದ್ರೆ ಮತ್ತೆ ಹಿಡಿದ್ರೆ ಅದು ಕಾಯಿಲೆ ಅಲ್ಲ, ಮನೆ. ಬಸುರಿ, ಸಣ್ಣ ಮಕ್ಕಳು, ವಯಸ್ಸಾದೋರು, ಹೃದಯದ ತೊಂದರೆ ಇರೋರು, ಇವರಿಗೆ ಇನ್ನೂ ಬೇಗ. ಗೊತ್ತಾದ ತಕ್ಷಣ ಎಲ್ಲರೂ ಹೊರಗೆ ಬರಬೇಕು. ಮೊಬೈಲು, ಪರ್ಸು ಅಂತ ಮತ್ತೆ ಒಳಗೆ ಹೋಗ್ಬಾರದು.”

ಗಂಟೆ ಕಳೆದ ಮೇಲೆ ಯಂತ್ರ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾರೆ. ಸದ್ದಿಲ್ಲ. ಆದರೂ ಒಂದೊಂದೇ ಹೆಜ್ಜೆ. ಬಾಗಿಲು ಕಿಟಕಿಗಳನ್ನು ಹಾಗೇ ತೆರೆದಿಟ್ಟು ಗೀಸರನ್ನು ಒಂದೇ ನಿಮಿಷ ಹಚ್ಚಿ, ಬತ್ತಿಯ ಹೊಗೆ ಹಿಡಿಯುತ್ತಾರೆ. ಹೊಗೆ ಕೊಳವೆಯ ಬಾಯಿಯವರೆಗೆ ಹೋಗಿ, ಗೋಡೆಗೆ ಹಣೆ ತಾಗಿದಂತೆ ನಿಂತು, ಕೆಳಗಿಳಿದು ಅವರ ಮುಖಕ್ಕೇ ಬರುತ್ತದೆ. ಕೊಳವೆ ಕಟ್ಟಿದೆ.

ಗೀಸರ್ ಆರಿಸಿ, ಅದರ ಮುಚ್ಚಳ ಬಿಚ್ಚಿ ಒಳಮೈ ನೋಡಿದವರು ಸ್ಪ್ಯಾನರ್ ಕೆಳಗಿಡುತ್ತಾರೆ. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ತಾರೀಕು, ಪಕ್ಕದಲ್ಲೊಂದು ಸುತ್ತು, ಸುತ್ತಿನೊಳಗೆ ಅಡ್ಡಗೆರೆ. ಬರೆದದ್ದು ಅವರೇ, ಹೋದ ವರ್ಷ. ರಿಪೇರಿ ಮಾಡಿದ ಪ್ರತಿ ಗೀಸರಿನಲ್ಲೂ ತಾರೀಕು ಬರೆಯುವುದು ಅವರ ರೂಢಿ. ಅಡ್ಡಗೆರೆಯ ಸುತ್ತು ಎಂದರೆ ಕೆಲಸ ಬಾಕಿ ಇದೆ ಎಂದರ್ಥ. ಹಿಂಗೋಡೆಯಲ್ಲಿ ಈ ಕೊಳವೆಯ ಬಾಯಿಗಿದ್ದ ತಂತಿ ಜಾಲರಿ ತುಕ್ಕು ಹಿಡಿದು ಉದುರುತ್ತಿತ್ತು, ಕಿತ್ತಿದ್ದರು. ಹೊಸದು ತಂದು ಹಾಕುವಷ್ಟರಲ್ಲಿ ಇದ್ದವರು ಮನೆ ಖಾಲಿ ಮಾಡಿ ಬೀಗ ಬಿದ್ದಿತ್ತು.

“ಬೀಗ ನೋಡಿ ವಾಪಸ್ ಹೋದೆ” ಎನ್ನುತ್ತಾರೆ. “ಖಾಲಿ ಮನೆಗೆ ಜಾಲರಿ ಯಾಕೆ, ಯಾರಾದ್ರೂ ಬಂದಾಗ ಹಾಕಿದ್ರಾಯ್ತು ಅಂದ್ಕೊಂಡೆ. ಅವರ ಭಾನುವಾರದ ಹಾಗೇ ನಂದೂ ಆಯ್ತು ನೋಡಿ.”

ಏಣಿ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಅಲ್ಲಿ ನಾಲ್ಕು ಕೊಳವೆಗಳ ಬಾಯಿ ಸಾಲಾಗಿ ಗೋಡೆಯಿಂದ ಹೊರಚಾಚಿವೆ. ಮೂರನೆಯದರ ಬಾಯಿ ತುಂಬ ಒಣಹುಲ್ಲು, ದಾರದೆಳೆ, ಒಂದೆರಡು ಪುಕ್ಕ. ಏಣಿಯ ಐದನೇ ಮೆಟ್ಟಿಲಿಗೆ ಕಾಲಿಟ್ಟಾಗ ನೇರ ಮೇಲಿನ ಕಿಟಕಿ ಧಡಾರನೆ ತೆರೆಯುತ್ತದೆ.

“ಮುಟ್ಟಬೇಡ! ಯಾರದು? ಗೂಡು ಮುಟ್ಟಬೇಡ!”

ಮನೆಗಳ ಮಾಲೀಕರು, ಮಹಡಿಯ ಟೀಚರಮ್ಮ. ಮೂವತ್ತಾರು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಲಿಲ್ಲ, ತರಗತಿಯ ಮಕ್ಕಳೇ ಸಾಕೆಂದರು. ಈಗ ಮನೆಯಲ್ಲಿ ಗಡಿಯಾರದ ಸದ್ದೊಂದೇ.

“ಟೀಚರಮ್ಮ, ನಾನು. ಇದನ್ನ ತೆಗೀಲೇಬೇಕು.”

“ಬೇಸಿಗೆಯಲ್ಲಿ ಮೂರು ಮರಿ ಮಾಡಿತ್ತು ಕಣೇ. ಬೆಳಿಗ್ಗೆ ನಾನು ಕಿಟಕಿ ತೆಗೆದ್ರೆ ಮೂರೂ ಒಟ್ಟಿಗೆ ಕೂಗೋವು, ಹಾಜರಿ ಹೇಳಿದ ಹಾಗೆ. ಹಾರಿ ಹೋದ್ವು. ಗೂಡು ಇದ್ರೆ ಮತ್ತೆ ಬರ್ತಾವೇನೋ ಅಂತ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ ನಾನು. ಬಣ್ಣ ಬಳಿಯೋನು ಬಂದಾಗ್ಲೂ ಬಿಟ್ಟಿಲ್ಲ.”

“ಇದು ಕೆಳಗಿನ ಮನೆ ಗೀಸರಿನ ಹೊಗೆ ಕೊಳವೆ, ಟೀಚರಮ್ಮ. ಆ ಹುಡುಗಿ ಆಸ್ಪತ್ರೆಗೆ ಹೋಗಿದ್ದಾಳೆ.”

ಟೀಚರಮ್ಮನಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯುತ್ತದೆ. ಅರ್ಥವಾದ ಮೇಲೆ ಕಿಟಕಿಯ ಸರಳಿಗೆ ಮುಖ ಒತ್ತಿ ಕೆಳಗೆ ನೋಡುತ್ತಾರೆ. “ನನ್ನಿಂದ ಆಯ್ತಾ? ಆ ಪೈಪು ಹಳೇದು, ಯಾತಕ್ಕೂ ಬಾರದ್ದು ಅಂತಿದ್ದೆ ನಾನು…”

ಕಿಟಕಿಯಮ್ಮ ಏಣಿಯ ಮೇಲೆಯೇ ನಿಂತು ತಲೆಯಾಡಿಸುತ್ತಾರೆ. ತಪ್ಪನ್ನು ಮೇಲಿನವರ ತಲೆಗೆ ಕಟ್ಟಿ ಇಳಿದು ಹೋಗಬಹುದಿತ್ತು. ಜಾಲರಿಯ ವಿಷಯ ಅಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

“ನೀವು ಗೂಡು ಕಾದ್ರಿ ಅಷ್ಟೇ. ಇಲ್ಲಿ ಜಾಲರಿ ಹಾಕದೆ ಬಿಟ್ಟು ಹೋದವಳು ನಾನು. ಜಾಲರಿ ಇದ್ದಿದ್ರೆ ಹಕ್ಕಿ ಬೇರೆ ಕಡೆ ಕಟ್ಕೊಳ್ತಿತ್ತು.”

ಇಬ್ಬರ ಕಣ್ಣೂ ಆ ಒಣಹುಲ್ಲಿನ ಮೇಲೆಯೇ ಇದೆ.

“ಹೋದವು ಬರಲ್ಲ ಅಲ್ವೇನೇ?” ಎನ್ನುತ್ತಾರೆ ಟೀಚರಮ್ಮ.

“ಹೋದವು ಬರಲ್ಲ ಟೀಚರಮ್ಮ. ನಾನೂ ಬಹಳ ದಿನ ಬಾಗಿಲ ಹತ್ರ ಕೂತು ನೋಡಿದ್ದೀನಿ.” ಆಮೇಲೆ ದನಿ ಬದಲಿಸಿ, “ಆದ್ರೆ ಕೆಳಗಿನ ಮನೇಲಿ ಇನ್ನೈದು ತಿಂಗಳಿಗೆ ಒಂದು ಕೂಗೋಕೆ ಶುರು ಮಾಡುತ್ತೆ. ಮೂರು ಮರಿ ಸೇರಿದ್ರೂ ಅದರ ಗಂಟಲಿಗೆ ಸಮ ಇಲ್ಲ. ಬೆಳಿಗ್ಗೆ ಒಂದೇ ಹೊತ್ತಲ್ಲ, ಮೂರು ಹೊತ್ತೂ ಹಾಜರಿ. ಸಾಕಾಗುತ್ತಾ?”

ಟೀಚರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋಗುತ್ತಾರೆ. ಬರುವಾಗ ಕೈಯಲ್ಲಿ ಖಾಲಿ ಚಪ್ಪಲಿ ಡಬ್ಬಿ. ಅದನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತಾರೆ. ಕಿಟಕಿಯಮ್ಮ ಕೊಳವೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಕಡ್ಡಿಯೂ ಉದುರದಂತೆ ಗೂಡನ್ನು ಇಡಿಯಾಗಿ ಎಳೆದು ಡಬ್ಬಿಯಲ್ಲಿಡುತ್ತಾರೆ. ಡಬ್ಬಿ ಮೆಲ್ಲಗೆ ಮೇಲೇರುತ್ತದೆ. ಹುಲ್ಲಿನ ತುದಿಗಳು ಬಿಸಿಗೆ ಕಂದು ತಿರುಗಿವೆ. ಇನ್ನು ಕೆಲವು ದಿನ ಹೀಗೇ ನಡೆದಿದ್ದರೆ ಬೆಂಕಿಯೇ ಹೊತ್ತಿಕೊಳ್ಳುತ್ತಿತ್ತೋ ಏನೋ. ಅಲ್ಲಿಯವರೆಗೆ ಕೆಳಗಿನ ಮನೆಯವರು ಇರುತ್ತಿದ್ದರೋ ಇಲ್ಲವೋ ಎಂಬ ಮಾತನ್ನು ಯಾರೂ ಆಡುವುದಿಲ್ಲ.

ಆ ದಿನ ಕಿಟಕಿಯಮ್ಮ ಉಳಿದ ಐದು ಮನೆಗಳಿಗೆ ನಾಳೆ ಬರುತ್ತೇನೆಂದು ಫೋನ್ ಮಾಡುತ್ತಾರೆ. ನಾಲ್ಕೂ ಕೊಳವೆಗಳಿಗೆ ಹೊಸ ಜಾಲರಿ ಬೀಳುತ್ತದೆ. ಮೂರನೇ ಮನೆಯ ಗೀಸರನ್ನು ಬಚ್ಚಲಿನಿಂದಲೇ ಕಿತ್ತು ಹೊರಗಿನ ಗೋಡೆಗೆ, ಮಳೆ ತಾಗದಂತೆ ತಗಡಿನ ಮಾಡು ಕಟ್ಟಿ ಕೂರಿಸಬೇಕೆಂದು ಟೀಚರಮ್ಮನೇ ಹಟ ಹಿಡಿಯುತ್ತಾರೆ. ಎಲ್ಲ ಮನೆಗೂ ಒಂದೊಂದು ಕೂಗುವ ಯಂತ್ರವೂ ಬರುತ್ತದಂತೆ. “ಯಂತ್ರ ಬಂತು ಅಂತ ಕಿಟಕಿ ಮುಚ್ಬೇಡಿ. ತಿಂಗಳಿಗೊಂದು ಸಲ ಗುಂಡಿ ಒತ್ತಿ ಕೂಗುತ್ತಾ ನೋಡಿ” ಎಂದು ಇವರು ಎಲ್ಲರಿಗೂ ಮುಂಚಿತವಾಗಿಯೇ ಎಚ್ಚರಿಸುತ್ತಾರೆ.

ಕೆಲಸದ ನಡುನಡುವೆ ಮೊಬೈಲು ನೋಡುತ್ತಾರೆ. ಹತ್ತು ಗಂಟೆಗೆ ಏನಿಲ್ಲ. ಹನ್ನೊಂದಕ್ಕೂ ಏನಿಲ್ಲ. ಸ್ಪ್ಯಾನರ್ ಎರಡು ಸಲ ಕೈಜಾರಿ ಬೀಳುತ್ತದೆ. ಮಧ್ಯಾಹ್ನ ಎರಡೂವರೆಗೆ ಪೇಪರ್ ಹಾಕುವಾತನ ಫೋನ್ ಬಂದಾಗ ಎತ್ತಲು ಹೆದರಿ ಟೀಚರಮ್ಮನ ಕೈಗೆ ಕೊಡುತ್ತಾರೆ. ಟೀಚರಮ್ಮ ಜೋರು ದನಿಯ ಗುಂಡಿ ಒತ್ತುತ್ತಾರೆ.

“ಆಂಟೀ, ರಕ್ತದಲ್ಲಿ ಇತ್ತಂತೆ. ಇಬ್ಬರಲ್ಲೂ. ಅವಳಿಗೆ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದ್ದಾರೆ, ಎರಡು ದಿನ ಇರ್ಬೇಕಂತೆ. ಮಗೂದು ಎದೆಬಡಿತ ಕೇಳಿಸಿದ್ರು ಆಂಟಿ, ಟಕಟಕ ಅಂತಿದೆ. ಸರಿಯಾಗಿದೆಯಂತೆ, ಆದ್ರೂ ಆಗಾಗ ಬಂದು ತೋರಿಸ್ಬೇಕಂತೆ. ಮೊದಲು ಗೀಸರ್ ಅನ್ನು ಅಂತ ಹೇಳ್ಕೊಟ್ಟೋರು ಯಾರು ಅಂತ ಡಾಕ್ಟ್ರು ಕೇಳಿದ್ರು.”

“ಏನಂದೆ?” ಎಂದು ಕಿಟಕಿಯಮ್ಮ ಫೋನಿನತ್ತ ಬಾಗಿ ಕೇಳುತ್ತಾರೆ.

“ಕಿಟಕಿಯಮ್ಮ ಅಂದೆ. ನಿಮ್ಮ ಹೆಸರೇ ಗೊತ್ತಿಲ್ವಲ್ಲ ಆಂಟಿ ನಂಗೆ.”

ಕಿಟಕಿಯಮ್ಮ ಮಸಿ ಮೆತ್ತಿದ ಅಂಗೈಯಲ್ಲೇ ಮುಖ ಮುಚ್ಚಿಕೊಳ್ಳುತ್ತಾರೆ. ಕೈ ತೆಗೆದಾಗ ಟೀಚರಮ್ಮನಿಗೆ ನಗು ತಡೆಯಲಾಗುವುದಿಲ್ಲ. ಮುಖದ ತುಂಬ ಐದು ಬೆರಳು.

ಸಂಜೆ ಐದಕ್ಕೆ ಮನೆ. ಎರಡು ಕೋಣೆಯ ಮನೆಯಲ್ಲಿರುವುದು ಇವರು ಮತ್ತು ಎಂಬತ್ತೊಂದು ವರ್ಷದ ಅತ್ತೆ. ಬಚ್ಚಲಿನ ವೆಂಟಿಲೇಟರಿಗೆ ಗಾಜಿಲ್ಲ, ರಟ್ಟಿಲ್ಲ. ಚಳಿಗಾಳಿ ಬೇಕಾದಷ್ಟು ಬರುತ್ತದೆ. ಗೀಸರ್ ಹೊರಗೋಡೆಯಲ್ಲಿದೆ. ಬಚ್ಚಲ ಬಾಗಿಲಿಗೆ ಚಿಲಕವೇ ಇಲ್ಲ. ಸೊಸೆಯ ಸ್ನಾನ ಮುಗಿಯುವ ತನಕ ಅತ್ತೆ ಊರುಗೋಲು ಹಿಡಿದು ಬಾಗಿಲ ಹೊರಗೆ ಕೂರುತ್ತಾರೆ. ಮಗ ಹೋದ ಮರುವಾರ ಹೀಗೆ ಕೂತವರು ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಕಿವಿ ಮಂದವಾಗಿದೆ, ಅದಕ್ಕೇ ಸ್ಟೂಲು ವರ್ಷದಿಂದ ವರ್ಷಕ್ಕೆ ಬಾಗಿಲಿಗೆ ಹತ್ತಿರವಾಗುತ್ತ ಬಂದಿದೆ.

ಏನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಕಿಟಕಿಯಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ತುಸು ಯೋಚಿಸುತ್ತಾರೆ. ಸನ್ಮಾನ, ಶಾಲು ಏನೂ ಬೇಡವಂತೆ, ಇದ್ದೊಂದು ಶಾಲು ಆಸ್ಪತ್ರೆಗೆ ಹೋಗಿದೆ, ಅದು ವಾಪಸ್ ಬಂದರೆ ಸಾಕಂತೆ.

“ಬೆಳಿಗ್ಗೆ ನಾನು ಬೀದೀಲಿ ಹೋಗ್ತಾ ಇದ್ರೆ ಒಂದೊಂದು ಬಚ್ಚಲಿಂದ್ಲೂ ಹಾಡು ಕೇಳಿಸ್ಬೇಕು. ರಾಗ ಬೇಡ, ತಾಳ ಬೇಡ. ಉಸಿರಿದ್ರೆ ಸಾಕು.” ಬಾಗಿಲ ಹತ್ತಿರ ಹೋದವರು ತಿರುಗಿ ನಿಲ್ಲುತ್ತಾರೆ. “ಇನ್ನೊಂದಿದೆ. ಅವರ ಹಾಡಿನ ಮೂರನೇ ಸಾಲು ಏನು ಅಂತ ಗೊತ್ತಾಗ್ಬೇಕಿತ್ತು. ಎಷ್ಟು ಜನರನ್ನ ಕೇಳಿದೀನಿ. ಇಂಥ ಹಾಡು ಕೇಳಿಯೇ ಇಲ್ಲ ಅಂತಾರೆ. ಅವರೇ ಕಟ್ಟಿದ್ರೋ ಏನೋ. ಆಗ ಕೇಳಿದ್ರೆ ಹೇಳ್ತಿದ್ರು. ನಾನು ಬೈತಾ ಇದ್ದೆ, ಕೇಳ್ಲಿಲ್ಲ.”

ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ನೀರು ಬೀಳುವ ಸದ್ದು. ಅತ್ತೆ ಕಿವಿಯನ್ನು ಬಾಗಿಲಿಗೆ ಆನಿಸುತ್ತಾರೆ. ದಣಿದ, ಒಡಕು ದನಿಯೊಂದು ಶುರುವಾಗುತ್ತದೆ:

“ಬಾರೋ ಬಿಸಿಲೇ, ಬಾಗಿಲ ತನಕ ಬಾ… ಒಳಗೊಬ್ಬಳು ಕಾದಿದ್ದಾಳೆ, ಒದ್ದೆ ಜಡೆಯವಳು…”

ಹಾಡು ನಿಲ್ಲುತ್ತದೆ. ಅತ್ತೆ ಕೋಲಿನಿಂದ ಬಾಗಿಲು ಕುಟ್ಟುತ್ತಾರೆ.

“ಯಾಕೆ ನಿಲ್ಲಿಸಿದೆ? ಮುಂದಕ್ಕೆ?”

“ಮುಂದಕ್ಕೆ ಗೊತ್ತಿಲ್ಲ ಅತ್ತೆ.”

“ಹಾಗಾದ್ರೆ ಮೊದಲಿಂದ ಹಾಡು.”